ಕೆಂಪು ನಕ್ಷತ್ರದ ಮುಂದೆ ನಿಂತ ಮಗು

ಕಳೆದ ಸಾಲಿನ ಪಾಠಾಭ್ಯಾಸದಲ್ಲಿ ಒಂಬತ್ತನೆಯ ತರಗತಿಯ ಕಂಪ್ಯೂಟರ್ ಪಾಠವೊಂದನ್ನು ಅವಲೋಕಿಸುತ್ತಿದ್ದೆ. ಜಾಲತಾಣದಲ್ಲಿ ಹೆಸರು ನೋಂದಾಯಿಸುವುದು ಪಾಠದ ವಿಷಯ. ಒಬ್ಬ ಹುಡುಗಿ ಎದ್ದು ನಿಂತು, "ಸರ್, ನನಗ ಒಂದೇ ಹೆಸರು ಐತ್ರಿ. ಕೊನೆ ಹೆಸರಿನ ಖಾನೇದಾಗ ಏನ್ ಬರೀಲಿರಿ?" ಎಂದು ಕೇಳಿದಳು. "ಚುಕ್ಕಿ ಹಾಕು" ಎಂದರು ನಮ್ಮ ಪ್ರಶಿಕ್ಷಣಾರ್ಥಿ. ಚುಕ್ಕಿಯನ್ನು ಯಂತ್ರ ಒಪ್ಪಲಿಲ್ಲ. ಆಕೆ ತನ್ನ ಹೆಸರನ್ನೇ ಎರಡು ಸಲ ಬರೆದಳು, ತರಗತಿ ನಕ್ಕಿತು. ಮುಂದಿನ ಖಾನೆ ತಂದೆಯ ಹೆಸರು. ಅದಕ್ಕೂ ಕೆಂಪು ನಕ್ಷತ್ರ. ಹುಡುಗಿ ಸುಮ್ಮನೆ ಕುಳಿತುಬಿಟ್ಟಳು. ಪಾಠ ಮುಂದೆ ಸಾಗಿತು. ನಾನು ಅವಲೋಕನ ಪತ್ರದಲ್ಲಿ "ಉತ್ತಮ" ಎಂದು ಬರೆದು ಬಂದೆ. ಆ ಷರಾ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅರ್ಜಿ ನಮೂನೆ "ನೀನು ಯಾರು?" ಎಂದು ಕೇಳುವಂತೆ ಕಾಣುತ್ತದೆ. ನಿಜವಾಗಿ ಅದು ಕೇಳುವುದು, "ನಾನು ಬರೆದಿಟ್ಟ ಉತ್ತರಗಳಲ್ಲಿ ನೀನು ಯಾವುದು?" ಎಂದು. ನಮ್ಮ ಜಿಲ್ಲೆಯಲ್ಲಿ ಕೆಲವರಿಗೆ ತಳವಾರ, ಬಡಿಗೇರ, ಹಿರೇಮಠ ಎಂಬಂತಹ ಅಡ್ಡಹೆಸರುಗಳಿವೆ. ಕೆಲವರು ತಂದೆಯ ಹೆಸರಿನ ಮೊದಲಕ್ಷರ ಹಚ್ಚಿಕೊಳ್ಳುತ್ತಾರೆ. ಇನ್ನು ಕೆಲವರಿಗೆ ಇರುವುದು ಒಂದೇ ಹೆಸರು. ಕೊನೆಯ ಹೆಸರು ಕಡ್ಡಾಯವಾದಾಗ ಇಲ್ಲದವರು ಸೃಷ್ಟಿಸಬೇಕು. ಇದ್ದವರು, ಅಡ್ಡಹೆಸರು ಜಾತಿಯನ್ನು ಹೇಳುವುದರಿಂದ, ಮುಚ್ಚಿಡಬೇಕೆಂದರೂ ಆಗದು.

ಊರಿಗೂ ಇದೇ ಗತಿ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮ್ಮ ಜಿಲ್ಲೆಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಕುಕನೂರು, ಕನಕಗಿರಿ, ಕಾರಟಗಿ ಸೇರಿದವು. ಹಳೆಯ ಪಟ್ಟಿಯನ್ನೇ ಇಟ್ಟುಕೊಂಡ ನಮೂನೆಯಲ್ಲಿ ಕುಕನೂರಿನ ಮಗು ಯಲಬುರ್ಗಾ ಎಂದೇ ಒತ್ತಬೇಕು. ಮಾತೃಭಾಷೆಯ ಪಟ್ಟಿಯಲ್ಲಿ ಲಂಬಾಣಿ ಇಲ್ಲದಿದ್ದರೆ ತಾಂಡಾದ ಮಗು ಕನ್ನಡ ಎಂದೋ "ಇತರೆ" ಎಂದೋ ಒತ್ತುತ್ತದೆ. ಮನೆಯ ಮಾತು "ಇತರೆ" ಎಂದು ಶಾಲೆಯಲ್ಲೇ ಕಲಿತ ಮಗು ಅದನ್ನು ತರಗತಿಯಲ್ಲಿ ಬಾಯಿಬಿಟ್ಟು ಆಡೀತೇ?

ತಂದೆಯ ಖಾನೆ ಇನ್ನೂ ಕಠಿಣ. ದೇವದಾಸಿ ಸಮರ್ಪಣೆಯನ್ನು ರಾಜ್ಯ 1982ರ ಕಾಯ್ದೆಯಿಂದಲೇ ನಿಷೇಧಿಸಿದೆ. ಆದರೂ ಆ ಪದ್ಧತಿಗೆ ಸಿಕ್ಕ ತಾಯಂದಿರ ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಅವಿವಾಹಿತ ತಾಯಿ ತಂದೆಯ ಹೆಸರು ಹೇಳದೆಯೇ ಮಗುವಿನ ಪಾಲಕತ್ವ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ನ್ಯಾಯಾಲಯ ಒತ್ತಾಯಿಸದ ಉತ್ತರವನ್ನು ಕೆಂಪು ನಕ್ಷತ್ರ ಒತ್ತಾಯಿಸುವುದು ಯಾವ ನ್ಯಾಯ?

ನಮೂನೆಗಳೇ ಬೇಡ ಎನ್ನುವುದು ನನ್ನ ವಾದವಲ್ಲ. ಒಬ್ಬೊಬ್ಬರು ಒಂದೊಂದು ರೀತಿ ಬರೆದರೆ ಮಾಹಿತಿ ಹುಡುಕಲಾಗದು. ದುಡಿಯಲು ಗುಳೆ ಹೋಗುವ ಕುಟುಂಬದ ಮಗು ಬೇರೆ ಊರಿನ ಶಾಲೆಗೆ ಸೇರುವಾಗ ಎಸ್‌ಎಟಿಎಸ್ ಸಂಖ್ಯೆ ನೆರವಿಗೆ ಬರುತ್ತದೆ. ಕಾಗದದ ದಾಖಲೆಯೂ ಶುದ್ಧವಾಗಿರಲಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಮಕ್ಕಳಿಗೆ ಗುರುಗಳೇ ಜೂನ್ 1 ಎಂದು ಬರೆದ ಕಾಲವಿತ್ತು. ಆದರೆ ಆಗ ತಪ್ಪು ಒಂದು ಪುಸ್ತಕದಲ್ಲಿ ಉಳಿಯುತ್ತಿತ್ತು. ಈಗ ಅಪಾರ್ ಸಂಖ್ಯೆ ಪಡೆಯಲು ಶಾಲೆಯ ದಾಖಲೆಯ ಹೆಸರು ಆಧಾರ್‌ನ ಹೆಸರಿಗೆ ಹೊಂದಬೇಕು. ಒಂದು ಕಡೆಯ ಅಕ್ಷರದೋಷ ಇನ್ನೊಂದು ಕಡೆ ಮಗುವನ್ನು ತಡೆಯುತ್ತದೆ. ಚುಕ್ಕಿ ಹಾಕಿ ಪಾರಾಗುವುದು ಮಗುವಿಗೆ ಮುಂದಿನ ತೊಡಕನ್ನು ಕಟ್ಟಿಕೊಟ್ಟಂತೆ.

ನಮೂನೆಯನ್ನು ಶಿಕ್ಷಕರು ರಚಿಸುವುದಿಲ್ಲ, ನಿಜ. ಆದರೆ ಮಗು ಮೊದಲ ಬಾರಿ ಅದರೆದುರು ಕೂರುವಾಗ ಪಕ್ಕದಲ್ಲಿರುವವರು ಶಿಕ್ಷಕರೇ. ಆದ್ದರಿಂದ ಪ್ರಶಿಕ್ಷಣಾರ್ಥಿಗಳು ಪಾಠ ಯೋಜನೆ ಬರೆಯುವ ಮೊದಲು ಆ ನಮೂನೆಯನ್ನು ತಾವೇ ಒಮ್ಮೆ ತುಂಬಿ ನೋಡಲಿ. ಯಾವ ಖಾನೆ ಯಾವ ಮಗುವನ್ನು ನೋಯಿಸಬಹುದೆಂದು ಗುರುತಿಸಲಿ. ತಂದೆ, ಜಾತಿ, ಆದಾಯದ ವಿವರಗಳನ್ನು ತರಗತಿಯೆದುರು ಗಟ್ಟಿಯಾಗಿ ಕೇಳದಿರಲಿ. ಅಭ್ಯಾಸಕ್ಕೆ ಕಲ್ಪಿತ ವಿವರಗಳ ಕಾಗದದ ನಮೂನೆಯೇ ಸಾಕು. ನಿಜವಾದ ಅರ್ಜಿಯಾದರೆ ದಾಖಲೆ ನೋಡಿ ತುಂಬಿಸಲಿ, ಹೊಂದದ ಖಾನೆಯ ಬಗ್ಗೆ ಮುಖ್ಯ ಗುರುಗಳ ಮೂಲಕ ಬರೆದು ತಿಳಿಸಲಿ. ಹಿರಿಯ ತರಗತಿಗಳಲ್ಲಿ "ಈ ಖಾನೆ ಏಕಿದೆ? ಇದು ಯಾರನ್ನು ಬಿಟ್ಟಿದೆ?" ಎಂಬ ಚರ್ಚೆಯೂ ಪಾಠದ ಭಾಗವಾಗಲಿ.

ಮಾರ್ಗದರ್ಶಕರಾದ ನಾವು ಅವಲೋಕನ ಪತ್ರವನ್ನೂ ತಿದ್ದಿಕೊಳ್ಳಬೇಕು. ಅದೂ ಒಂದು ನಮೂನೆಯೇ. ಅದರಲ್ಲಿ ಕಪ್ಪುಹಲಗೆ ಬಳಕೆಗೆ ಖಾನೆಯಿದೆ, ಧ್ವನಿಯ ಏರಿಳಿತಕ್ಕೆ ಖಾನೆಯಿದೆ. ಸುಮ್ಮನೆ ಕುಳಿತ ಮಗುವಿಗೆ ಖಾನೆಯಿಲ್ಲ. ಅದಕ್ಕೇ ಅಂದು ನಾನು "ಉತ್ತಮ" ಎಂದು ಬರೆದದ್ದು.