ದೆವ್ವವೂ ಅಲ್ಲ, ನಾಟಕವೂ ಅಲ್ಲ

2004ರಲ್ಲಿ ‘ಆಪ್ತಮಿತ್ರ’ ಚಿತ್ರ ತೆರೆಕಂಡಾಗ ನಾನು ಹೌಸ್ ಸರ್ಜನ್ ಆಗಿದ್ದೆ. ರಾತ್ರಿ ಪಾಳಿ ಇಲ್ಲದ ದಿನ ನೋಡಿಕೊಂಡು ಹಾಸ್ಟೆಲಿನ ಆರೇಳು ಮಂದಿ ಸೆಕೆಂಡ್ ಷೋಗೆ ಹೋಗಿದ್ದೆವು. ದೇಹವನ್ನು ಕೊಯ್ದು ನೋಡಿ ಕಲಿತವರು ನಾವು. ಆದರೂ ಹಿಂತಿರುಗುವಾಗ ಹಾಸ್ಟೆಲಿನ ಕತ್ತಲ ವರಾಂಡದಲ್ಲಿ ಯಾರೂ ಒಬ್ಬರೇ ನಡೆಯಲಿಲ್ಲ!

ಕಥೆ ಓದುಗರಲ್ಲಿ ಹೆಚ್ಚಿನವರಿಗೆ ತಿಳಿದದ್ದೇ. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ನ ಕನ್ನಡ ರೂಪವಿದು. ಪಿ. ವಾಸು ನಿರ್ದೇಶಿಸಿದ್ದರು. ಅರಮನೆಯಂಥ ಹಳೆಯ ಮನೆಗೆ ವಾಸಕ್ಕೆ ಬರುವ ದಂಪತಿ, ತೆರೆಯಬಾರದ ಕೋಣೆ, ರಾತ್ರಿ ಕೇಳುವ ಗೆಜ್ಜೆ ಸದ್ದು. ಅನುಮಾನವೆಲ್ಲ ಬೇರೊಬ್ಬ ಹುಡುಗಿಯ ಮೇಲೆ. ಕೊನೆಗೆ ವಿಷ್ಣುವರ್ಧನ್ ಅವರ ಮನೋವೈದ್ಯ ಪಾತ್ರ ಗುಟ್ಟು ಬಿಡಿಸುತ್ತದೆ: ಮನೆಯಲ್ಲಿ ದೆವ್ವವಿಲ್ಲ, ಸೌಂದರ್ಯ ನಟಿಸಿದ ಗಂಗಾ ಎಂಬ ಗೃಹಿಣಿಯೇ ತನಗರಿವಿಲ್ಲದೆ ನಾಗವಲ್ಲಿಯಾಗುತ್ತಿದ್ದಾಳೆ.

ಈ ಚಿತ್ರದ ನಿಜವಾದ ಪಾಠ ನನಗೆ ತಿಳಿದದ್ದು ಕೆಲವು ವರ್ಷಗಳ ನಂತರ, ನನ್ನದೇ ತಪ್ಪಿನಿಂದ.

ಆಗ ನಾನು ಸಣ್ಣ ಊರೊಂದರಲ್ಲಿ ಕ್ಲಿನಿಕ್ ತೆರೆದಿದ್ದೆ. ಒಂದು ಸಂಜೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳನ್ನು ಮನೆಯವರು ಆಟೋದಲ್ಲಿ ಕರೆತಂದರು. ಮುಸ್ಸಂಜೆಯಾದರೆ ಬೀಳುತ್ತಾಳೆ, ಎದ್ದ ಮೇಲೆ ತೀರಿಹೋದ ಅಜ್ಜಿಯ ಧ್ವನಿಯಲ್ಲಿ ಮಾತನಾಡುತ್ತಾಳೆ ಎಂದರು. ನಾಡಿ, ರಕ್ತದೊತ್ತಡ, ಸಕ್ಕರೆ ಎಲ್ಲ ಸರಿಯಿತ್ತು. “ಇವಳಿಗೆ ಏನೂ ಇಲ್ಲ, ಕರೆದುಕೊಂಡು ಹೋಗಿ” ಎಂದೆ. ಅತ್ತೆ ಬಾಗಿಲ ಬಳಿ ನಿಂತು, “ಏನೂ ಇಲ್ಲ ಅಂದ್ರೆ ಮತ್ತೆ ಇದೇನು ಸ್ವಾಮಿ?” ಎಂದು ಕೇಳಿದರು. ಹೊರಗೆ ಇನ್ನೂ ಹತ್ತು ಜನ ಕಾದಿದ್ದರು. ನಾನು ಉತ್ತರ ಕೊಡಲಿಲ್ಲ.

ಉತ್ತರ ಕೊಡುವವರು ಬೇರೆ ಇದ್ದರು. ಹದಿನೈದು ದಿನ ಬಿಟ್ಟು ಆ ಹುಡುಗಿ ಮತ್ತೆ ಬಂದಾಗ ಎರಡೂ ಮುಂಗೈಗಳ ಮೇಲೆ ಬರೆ ಇತ್ತು. ಮೆಣಸಿನಕಾಯಿ ಹೊಗೆಗೆ ಕಣ್ಣು ಊದಿತ್ತು. ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಿದ್ದ ದಿನಗಳಲ್ಲಿ ಅವಳೇ ಒಂದೊಂದು ಮಾತು ಹೇಳಿದಳು. ಡಿಗ್ರಿಯ ಕೊನೆಯ ವರ್ಷ ಬಿಡಿಸಿ ಮದುವೆ ಮಾಡಿದ್ದರು. ಪರೀಕ್ಷೆ ಬರೆಯುತ್ತೇನೆಂದು ಎರಡು ಮನೆಗಳಲ್ಲೂ ಕೇಳಿದ್ದಳು, ಯಾರೂ ಕಿವಿಗೊಡಲಿಲ್ಲ. ಅವಳು ಅವಳಾಗಿ ಮಾತನಾಡಿದಾಗ ಕೇಳದ ಮನೆ, ಅಜ್ಜಿಯಾಗಿ ಮಾತನಾಡಿದಾಗ ಕೈಮುಗಿದು ನಿಂತಿತ್ತು.

ಇದು ನಾಟಕವೇ? ಅಲ್ಲ. ಸಹಿಸಲಾಗದ ಒತ್ತಡ ಬಿದ್ದಾಗ ನೆನಪು, ಅರಿವು, ‘ನಾನು’ ಎಂಬ ಭಾವನೆ ಇವುಗಳನ್ನು ಒಟ್ಟಿಗೆ ಹಿಡಿದಿರುವ ಮನಸ್ಸಿನ ಕಟ್ಟು ಸಡಿಲವಾಗುತ್ತದೆ. ವೈದ್ಯರು ಇದನ್ನು ಡಿಸೋಸಿಯೇಷನ್ ಎನ್ನುತ್ತಾರೆ. ಹಿಂದೆ ಹಿಸ್ಟೀರಿಯಾ ಎನ್ನುತ್ತಿದ್ದರು. ರೋಗಿ ಬೇಕೆಂದು ಮಾಡುವುದಿಲ್ಲ. ಆಮೇಲೆ ಎಷ್ಟೋ ಸಲ ನೆನಪೂ ಇರುವುದಿಲ್ಲ. ಚಿತ್ರದಲ್ಲಿ ಕಾಣುವಂಥ ಇಬ್ಬಗೆಯ ವ್ಯಕ್ತಿತ್ವ ಅಪರೂಪ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ‘ಮೈಮೇಲೆ ಬರುವುದು’. ಇವೆರಡೂ ಸ್ಕಿಜೋಫ್ರೇನಿಯಾ ಅಲ್ಲ. ಅದು ಬೇರೆಯೇ ಕಾಯಿಲೆ, ಅದರ ಚಿಕಿತ್ಸೆಯೂ ಬೇರೆ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ದೆವ್ವದ ಚಿತ್ರಗಳೇ ಮೂಢನಂಬಿಕೆಗೆ ಕಾರಣವೆಂದು ದೂರುವ ನಾವು, ವೈದ್ಯರು, ಮೊದಲು ನಮ್ಮ ನಾಲಿಗೆ ತಿದ್ದಿಕೊಳ್ಳಬೇಕು. ಆ ಚಿತ್ರದ ವೈದ್ಯ ದೆವ್ವವನ್ನು ನಂಬಲಿಲ್ಲ, ಆದರೆ ಗಂಗಾಳ ಸಂಕಟವನ್ನು ನಂಬಿದ. ‘ಏನೂ ಇಲ್ಲ’ ಎಂದು ಕಳಿಸಲಿಲ್ಲ. ಆಚಾರ್ಯರನ್ನು ಹಂಗಿಸದೆ ಜೊತೆಗೆ ಸೇರಿಸಿಕೊಂಡ. ಆದರೆ ಚಿತ್ರ ಒಂದು ಕಡೆ ದಾರಿ ತಪ್ಪಿಸುತ್ತದೆ: ಸೇಡು ತೀರಿತೆಂದು ನಂಬಿಸಿದ ಒಂದೇ ರಾತ್ರಿಯಲ್ಲಿ ರೋಗ ಬಿಟ್ಟುಹೋಗುತ್ತದೆ. ನಿಜ ಜೀವನದಲ್ಲಿ ಹಾಗಾಗುವುದಿಲ್ಲ. ತಿಂಗಳುಗಟ್ಟಲೆ ಮಾತುಕತೆ ಬೇಕು, ಮನೆಯವರ ಸಹಕಾರ ಬೇಕು; ಜೊತೆಗೆ ಖಿನ್ನತೆ ಇದ್ದರೆ ಅದಕ್ಕೆ ಔಷಧಿಯೂ ಬೇಕಾಗಬಹುದು.

ಮನೆಯಲ್ಲಿ ಇಂಥದ್ದು ಕಂಡರೆ ಏನು ಮಾಡಬೇಕು? ಮೊದಲು ವೈದ್ಯರಿಗೆ ತೋರಿಸಿ. ವಿಚಿತ್ರ ವರ್ತನೆಯೆಲ್ಲ ಮನಸ್ಸಿನದೇ ಆಗಿರಬೇಕೆಂದಿಲ್ಲ. ಮೂರ್ಛೆರೋಗ, ಮಿದುಳಿನ ಸೋಂಕು, ಸಕ್ಕರೆ ಕುಸಿತ, ಥೈರಾಯ್ಡ್ ತೊಂದರೆ, ಕುಡಿತ ಬಿಟ್ಟಾಗಿನ ಭ್ರಾಂತಿ ಇವೂ ‘ಗಾಳಿ ಸೋಕಿದ’ ಹಾಗೆ ಕಾಣಬಹುದು. ಜ್ವರ, ಫಿಟ್ಸ್, ಅತಿಯಾದ ತಲೆನೋವು, ತಲೆಗೆ ಪೆಟ್ಟು, ಮಂಪರು ಇದ್ದರೆ, ಅಥವಾ ಬಾಣಂತಿಯ ಮಾತು ನಡವಳಿಕೆ ಏಕಾಏಕಿ ಬದಲಾದರೆ ಒಂದು ದಿನವೂ ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ.

ದೇವರಿಗೆ ಹರಕೆ ಹೊರುವವರನ್ನು ನಾನು ತಡೆಯುವುದಿಲ್ಲ. ದೀಪ ಹಚ್ಚಿ, ಮಾತ್ರೆಯನ್ನೂ ಕೊಡಿ. ಆದರೆ ಹೊಡೆಯುವುದು, ಬರೆ ಹಾಕುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ಬೇಡವೇ ಬೇಡ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ಕರ್ನಾಟಕದ 2017ರ ಕಾಯ್ದೆಯ ಪ್ರಕಾರ ಅಪರಾಧ. 2020ರಿಂದ ಅದು ಜಾರಿಯಲ್ಲಿದೆ. ಮನೋವೈದ್ಯರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾತ್ರ ಇರುವವರಲ್ಲ, ಜಿಲ್ಲಾ ಆಸ್ಪತ್ರೆಗಳಲ್ಲೂ ಇದ್ದಾರೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ಹುಡುಗಿಯನ್ನು ಮನೋವೈದ್ಯರ ಬಳಿಗೆ ಕಳಿಸಿದೆ. ಗಂಡನೂ ಜೊತೆಗೆ ಹೋದ. ಏಳೆಂಟು ತಿಂಗಳಲ್ಲಿ ಅಜ್ಜಿ ಬರುವುದು ನಿಂತಿತು. ಪರೀಕ್ಷೆಯನ್ನೂ ಬರೆದಳು. ಮುಂಗೈ ಮೇಲಿನ ಕಲೆ ಮಾತ್ರ ಹೋಗಲಿಲ್ಲ. ಅದರಲ್ಲಿ ನನ್ನ ಪಾಲೂ ಇದೆ. ಅಂದಿನಿಂದ ಯಾವ ರೋಗಿಗೂ ನಾನು ‘ಏನೂ ಇಲ್ಲ’ ಎಂದು ಹೇಳಿಲ್ಲ.