ಚಿಟ್ಟೆ ಚೆಂದ, ಆದ್ರೆ...

ಮೊನ್ನೆ ಅಕ್ಕನ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಗೋಡೆ ಮೇಲೊಂದು ಲೂಪಸ್ ಪೋಸ್ಟರ್. ದೊಡ್ಡ ನೇರಳೆ ಚಿಟ್ಟೆ, ಪಕ್ಕದಲ್ಲಿ ಹಾಲುಬಿಳುಪಿನ ಹುಡುಗಿ, ಮೂಗು ದಾಟಿ ಎರಡೂ ಕೆನ್ನೆಗೆ ರೆಕ್ಕೆಯಂತೆ ಹರಡಿದ ಕೆಂಪು. ಆ ಆಕಾರದಿಂದಲೇ ಚಿಟ್ಟೆ ಈ ಕಾಯಿಲೆಯ ಗುರುತಾಗಿದ್ದು.

ಸರಿ ಸ್ವಾಮಿ, ಆದ್ರೆ ನಮ್ಮ ಕಂದು ಮುಖದಲ್ಲಿ ಆ ಕೆಂಪು ಹಾಗೆ ಎದ್ದು ಕಾಣಲ್ಲ. ಎಷ್ಟೋ ಸಲ ಕಡುಕಂದೋ ನೇರಳೆಯೋ ಆಗಿರತ್ತೆ. ಅಕ್ಕ ಅದನ್ನ ಬಂಗು ಅಂದ್ಕೊಂಡು ಎರಡು ವರ್ಷ ಕ್ರೀಮ್ ಹಚ್ಚಿದ್ಲು. ಅಷ್ಟರಲ್ಲಿ ಕಿಡ್ನಿಗೂ ತಾಗಿತ್ತು.

ಈ ಕಲೆ ಎಲ್ಲ ರೋಗಿಗಳಿಗೂ ಬರೋದಿಲ್ಲ. ಕೀಲುನೋವು, ಬಿಟ್ಟುಬಿಟ್ಟು ಬರೋ ಜ್ವರ, ತೀರದ ಸುಸ್ತು... ಇವೆಲ್ಲ ಪೋಸ್ಟರಿನ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ!

ಪೋಸ್ಟರ್ ಇರೋದು ಗೋಡೆ ಅಲಂಕಾರಕ್ಕಾ? ಚಿಟ್ಟೆ ಚಿಕ್ಕದು ಮಾಡಿ, ನಮ್ಮಂಥದೊಂದು ಮುಖ ಹಾಕಿ. ನೀವೇನಂತೀರಾ?