ಕಲಿಯಬೇಕಾದವರು ದೊಡ್ಡವರು

ಭಾನುವಾರದ ಪೂಜೆ ಮುಗಿದು ಜನರು ಅಂಗಳಕ್ಕೆ ಬರುವ ಹೊತ್ತಿನಲ್ಲಿ ಕಾಣಸಿಗುವ ದೃಶ್ಯವಿದು. ಆರೇಳು ವರ್ಷದ ಹುಡುಗನೊಬ್ಬ ತಾಯಿಯ ಸೆರಗು ಹಿಡಿದು ನಿಂತಿರುತ್ತಾನೆ. ಹಿರಿಯರೊಬ್ಬರು ಅವನ ಕೆನ್ನೆ ಹಿಂಡಿ, "ನಿನ್ನ ಹೆಸರೇನಪ್ಪಾ?" ಎನ್ನುತ್ತಾರೆ. ಹುಡುಗ ಅವರ ಮುಖ ನೋಡದೆ, "ನಿನ್ನ ಹೆಸರೇನಪ್ಪಾ?" ಎಂದು ಅದೇ ಮಾತನ್ನು ಮರಳಿಸುತ್ತಾನೆ. ಹಿರಿಯರ ಮುಖ ಬಿಗಿಯುತ್ತದೆ. "ದೊಡ್ಡವರಿಗೆ ಮರ್ಯಾದೆ ಕೊಡಲು ಕಲಿಸಿಲ್ಲವೇನಮ್ಮಾ?" ತಾಯಿ ತಲೆ ತಗ್ಗಿಸುತ್ತಾಳೆ. ಕ್ರಮೇಣ ಆ ಕುಟುಂಬ ಕಡೆಯ ಸಾಲಿಗೆ, ಆಮೇಲೆ ಬಾಗಿಲ ಹೊರಗೆ ಸರಿಯುತ್ತದೆ. ಕೊನೆಗೆ ಬರುವುದನ್ನೇ ಬಿಡುತ್ತದೆ.

ಪ್ರಿಯ ಓದುಗರೇ, ಇಲ್ಲಿ ತಪ್ಪಿದವರು ಯಾರು? ದೊಡ್ಡವರಾದ ನಾವೇ ಎಂದು ನೇರವಾಗಿ ಹೇಳಬಯಸುತ್ತೇನೆ. ಮಗುವಿನ ಕೂಗಿಗೆ ಪೀಠದಿಂದಲೇ ಹುಬ್ಬು ಗಂಟಿಕ್ಕುವ ಗುರುಗಳಿಗೂ ಈ ಮಾತು ಸಲ್ಲುತ್ತದೆ.

ಆಟಿಸಂ, ಅಂದರೆ ಸ್ವಲೀನತೆ ಇರುವ ಅನೇಕ ಮಕ್ಕಳು ಕೇಳಿದ ಮಾತನ್ನೇ ಪ್ರತಿಧ್ವನಿಸುತ್ತಾರೆ. ಅದನ್ನು ಅಣಕವೆಂದು ತಿಳಿಯುವುದು ನಮ್ಮ ಅಜ್ಞಾನ; ಎಷ್ಟೋ ವೇಳೆ ಅದು ಸಂಭಾಷಣೆಯಲ್ಲಿ ಪಾಲ್ಗೊಳ್ಳುವ ಅವರ ಪ್ರಯತ್ನ. ನೋಟ ಬೇರೆಡೆ ಇದ್ದಾಗಲೇ ಮಾತಿನ ಮೇಲೆ ಗಮನವಿಡಲು ಸಾಧ್ಯವೆಂದು ಸ್ವಲೀನತೆಯುಳ್ಳ ಹಲವು ವಯಸ್ಕರು ತಾವೇ ವಿವರಿಸಿದ್ದಾರೆ. ಹಠಾತ್ತಾದ ಸ್ಪರ್ಶ ಕೆಲವರಿಗೆ ನೋವಿನಂತೆ ತಾಗುತ್ತದೆ. ನಿಮ್ಮ ಕೈ ಹಿಡಿದೆಳೆದು ನೀರಿನ ಕೊಡದ ಮೇಲಿಡುವ ಮಗು, ಬಾಯಿಗೆ ಬಾರದ ಬೇಡಿಕೆಯನ್ನು ಕೈಯಿಂದ ತಿಳಿಸುತ್ತಿದೆ.

ತಾಯಿಯನ್ನು ದೂರುವ ಚಾಳಿಯೂ ಹಳೆಯದೇ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಬರೆದು ಈ ಸ್ಥಿತಿಯನ್ನು ಲೋಕದ ಗಮನಕ್ಕೆ ತಂದರು. ಅನಂತರದ ವರ್ಷಗಳಲ್ಲಿ, ಹೆತ್ತವರ ಶೀತಲ ಮನಸ್ಸೇ ಇದಕ್ಕೆ ಕಾರಣವೆಂಬ ವಾದ ಅಮೆರಿಕದಲ್ಲಿ ಹಬ್ಬಿತು. ಇಂಥ ಮಗುವಿನ ತಂದೆಯೂ ಮನೋವಿಜ್ಞಾನಿಯೂ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ ಅದನ್ನು ಖಂಡಿಸಿ ಬರೆದರು. ಆದರೂ 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ತಮ್ಮ ಪುಸ್ತಕದಲ್ಲಿ ಅದೇ ವಾದವನ್ನು ಎತ್ತಿಹಿಡಿದರು. ಸ್ವಲೀನತೆ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅದರಲ್ಲಿ ಅನುವಂಶೀಯತೆಯ ಪಾತ್ರ ಹಿರಿದು ಎಂಬುದು ಇಂದು ಸ್ಥಿರಪಟ್ಟಿದೆ. ವಿಜ್ಞಾನ ಕೈಬಿಟ್ಟ ಆರೋಪವನ್ನು ನಮ್ಮ ನಾಲಿಗೆ ಮಾತ್ರ ಇನ್ನೂ ಬಿಟ್ಟಿಲ್ಲ.

"ಹಾಗಾದರೆ ಮಗುವಿಗೆ ಶಿಸ್ತು ಬೇಡವೇ?" ಎಂದು ನೀವು ಕೇಳಬಹುದು. ಖಂಡಿತ ಬೇಕು. ತನಗೂ ಪರರಿಗೂ ನೋವಾಗದಂತೆ ನಡೆಯುವುದನ್ನು ತಾಳ್ಮೆಯಿಂದ ಕಲಿಸಲೇಬೇಕು. ಆದರೆ ಕಲಿಕೆ ಒಂದೇ ಕಡೆಯಿಂದ ಏಕೆ? ಸ್ವತಃ ಸ್ವಲೀನತೆಯುಳ್ಳ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ತೋರಿಸಿಕೊಟ್ಟಂತೆ, ಅರ್ಥವಾಗದಿರುವುದು ಇಬ್ಬರ ಕಡೆಯಿಂದಲೂ ಉಂಟು. ಅವರನ್ನು ಅರಿಯುವಲ್ಲಿ ನಾವೂ ಎಡವುತ್ತೇವೆ. ಇಂಥ ಮಕ್ಕಳಲ್ಲಿ ಅನೇಕರಿಗೆ ಓರಗೆಯವರಿಗಿಂತ ದೊಡ್ಡವರ ಸಂಗವೇ ಹಗುರ. ದೊಡ್ಡವರು ಕಾಯಬಲ್ಲರು, ಮಗುವಿಗೆ ತಕ್ಕಂತೆ ಮಾತನ್ನು ಹೊಂದಿಸಿಕೊಳ್ಳಬಲ್ಲರು. ಹಾಗೆ ನಮ್ಮ ಬಳಿ ಬಂದ ಮಗುವನ್ನು ಗದರಿ ಕಳುಹಿಸುವುದು ಯಾವ ಹಿರಿತನ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸ್ವಲೀನತೆಯೂ ಸೇರಿದೆ. ಆದರೆ ನಮ್ಮ ಬೆಂಚಿನಲ್ಲಿ ಜಾಗ ಬಿಡಿಸಿಕೊಡಲು ಯಾವ ಕಾಯ್ದೆಗೂ ಸಾಧ್ಯವಿಲ್ಲ. ಅದು ನಮ್ಮ ಕೆಲಸ. ಮುಂದಿನ ಭಾನುವಾರ ಆ ಹುಡುಗನ ಎದುರು ನಿಲ್ಲದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಕೇಳದೆ ಮುಟ್ಟಬೇಡಿ. ಚಿಕ್ಕದೊಂದು ಮಾತನಾಡಿ, ಕಾಯಿರಿ. ಅವನು ರೈಲುಗಳ ಹೆಸರು ಹೇಳತೊಡಗಿದರೆ ಕೊನೆಯ ರೈಲಿನವರೆಗೂ ಕೇಳಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅದರ ಮುಂದಿನ ಭಾನುವಾರವೂ ಅಲ್ಲಿಯೇ ಕುಳಿತುಕೊಳ್ಳಿ.

ಅವನ ತಾಯಿಗೆ ಮಾತ್ರ ಅಂದೇ ಒಂದು ಮಾತು ಹೇಳಿರಿ: "ಅಮ್ಮಾ, ಮುಂದಿನ ಸಾಲಿಗೆ ಬನ್ನಿ."